ಕರ್ಸ್ ಆಫ್ ಸ್ಟ್ರಾಡ್ ನಡೆಸುವಾಗ ಸಪ್ಲಿಮೆಂಟ್ ಪುಸ್ತಕಗಳಿಗೆ ಎಷ್ಟು ಜಾಗ ಕೊಡಬೇಕು?

ಮೇಜಿನ ಸುತ್ತ ಕೂತು ಪಾತ್ರ ವಹಿಸಿ ಆಡುವ ಡಂಜನ್ಸ್ ಅಂಡ್ ಡ್ರಾಗನ್ಸ್ ಆಟದ ಐದನೇ ಆವೃತ್ತಿಯಲ್ಲಿ, ಸ್ಟ್ರಾಡ್ ಎಂಬ ರಕ್ತಪಿಶಾಚಿಯ ಸಾಹಸಕಥೆಯಾದ ಕರ್ಸ್ ಆಫ್ ಸ್ಟ್ರಾಡ್ ನಡೆಸಲು ಹೊರಟಿದ್ದೀರಿ. ಕೈಯಲ್ಲಿ ಪಾತ್ರಗಳಿಗೆ ಹೊಸ ಆಯ್ಕೆ ಕೊಡುವ ಝನಾಥರ್, ತಾಶಾ ಎಂಬ ಸಪ್ಲಿಮೆಂಟ್ ಪುಸ್ತಕಗಳು ಎರಡೂ ಇವೆ. ಎಲ್ಲವನ್ನೂ ಬಳಸಬಹುದಾ ಎಂದು ಪ್ಲೇಯರ್‌ಗಳು ಕೇಳುತ್ತಿದ್ದಾರೆ, ಅಲ್ವಾ? ಇಡೀ ಪುಸ್ತಕಕ್ಕೆ ಒಂದೇ ಸಲ ಹೂಂ ಅನ್ನಬೇಡಿ. ಯಾರಿಗೆ ಯಾವ ಸಬ್‌ಕ್ಲಾಸ್ (ಪಾತ್ರದ ವರ್ಗದೊಳಗಿನ ವಿಶೇಷ ಬಗೆ) ಬೇಕೋ ಅದನ್ನಷ್ಟೇ ತೆಗೆದು, ನಿಮ್ಮ ಕಥೆಯ ಪಕ್ಕದಲ್ಲಿಟ್ಟು ಓದಿ.

ದೇವರ ಶಕ್ತಿಯಿಂದ ಮಂತ್ರ ಹಾಕುವ ಪಾತ್ರ ಕ್ಲೆರಿಕ್; ತಾಶಾದ ಟ್ವೈಲೈಟ್ ಕ್ಲೆರಿಕ್‌ನನ್ನೇ ನೋಡಿ. ಅವನಿಗೆ ಕತ್ತಲಲ್ಲಿ 300 ಅಡಿ ದೂರ ಕಾಣುತ್ತದೆ. ಎರಡನೇ ಲೆವೆಲ್‌ನಿಂದಲೇ ತನ್ನ ಸುತ್ತ 30 ಅಡಿ ಮಂದ ಬೆಳಕು ಹರಡಬಲ್ಲ. ಅದು ಒಂದು ನಿಮಿಷ, ಅಂದರೆ ಹೋರಾಟದ ಹತ್ತು ರೌಂಡ್ ಇರುತ್ತದೆ. ಅದರೊಳಗೆ ತಮ್ಮ ಸರದಿ ಮುಗಿಸಿದವರಿಗೆಲ್ಲ ಆರು ಮುಖದ ಒಂದು ದಾಳ, ಜೊತೆಗೆ ಕ್ಲೆರಿಕ್ ಲೆವೆಲ್ ಸೇರಿಸಿದಷ್ಟು ತಾತ್ಕಾಲಿಕ ಹಿಟ್ ಪಾಯಿಂಟ್ (ಏಟು ತಾಳುವ ಅಂಕ) ಸಿಗುತ್ತದೆ. ಬೇಕಿದ್ದರೆ ಅದರ ಬದಲು ಅವರನ್ನು ಹಿಡಿದಿರುವ ಭಯವನ್ನೋ ವಶೀಕರಣವನ್ನೋ ಬಿಡಿಸಬಹುದು.

ಈ ಸಾಹಸ ನಡೆಯುವ ಬರೋವಿಯಾ ಕಣಿವೆಯ ಕಥೆ ನಿಂತಿರುವುದೇ ಕತ್ತಲು, ಭಯ, ಎದುರಿಗಿದ್ದವರನ್ನು ವಶ ಮಾಡಿಕೊಳ್ಳುವ ಒಬ್ಬ ರಕ್ತಪಿಶಾಚಿಯ ಮೇಲೆ. ಮೂರನ್ನೂ ಒಬ್ಬನೇ ಪ್ಲೇಯರ್ ಅಳಿಸಿಹಾಕಿದರೆ ಉಳಿದವರಿಗೆ ಹೆದರಲು ಏನು ಉಳಿಯುತ್ತದೆ? ಈ ಸಾಹಸಕಥೆ ಬಂದದ್ದು 2016ರಲ್ಲಿ, ತಾಶಾ ಬಂದದ್ದು 2020ರಲ್ಲಿ. ಬರೆದವರ ಲೆಕ್ಕದಲ್ಲಿ ಈ ಕ್ಲೆರಿಕ್ ಇರಲೇ ಇಲ್ಲ. ಬೇರೆ ಕ್ಯಾಂಪೇನ್‌ನಲ್ಲಾದರೆ ಖುಷಿಯಿಂದ ಒಪ್ಪುತ್ತೇನೆ, ಇಲ್ಲಿ ಬೇಡ ಅನ್ನುತ್ತೇನೆ.

ಸುಮ್ನೆ ಬೇಡ ಅಂದು ಕೈತೊಳೆದುಕೊಳ್ಳಬಾರದು. ಅದೇ ಪ್ಲೇಯರ್‌ಗೆ ಝನಾಥರ್‌ನಲ್ಲಿರುವ ಇನ್ನೊಂದು ಕ್ಲೆರಿಕ್ ಬಗೆ, ಗ್ರೇವ್ ಡೊಮೇನ್ ತೋರಿಸಿ. 60 ಅಡಿಯೊಳಗೆ ಪ್ರೇತ, ಪಿಶಾಚಿ ಇದ್ದರೆ ಆ ಕ್ಲೆರಿಕ್‌ಗೆ ಗೊತ್ತಾಗುತ್ತದೆ, ಅವು ಪೂರ್ತಿ ಮರೆಯಲ್ಲಿ ಇಲ್ಲದಿದ್ದರೆ. ಊಟಕ್ಕೆ ಕೂತವರ ನಡುವೆ ಒಬ್ಬರು ಬದುಕಿಲ್ಲ ಎಂದು ಅವನೊಬ್ಬನಿಗೇ ತಿಳಿದಾಗ ಮೇಜಿನ ಸುತ್ತ ಎಲ್ಲರ ಮಾತೂ ನಿಂತುಹೋಗುತ್ತದೆ. ಇದು ಭಯವನ್ನು ಹೆಚ್ಚಿಸುವ ಶಕ್ತಿ. ನನಗಂತೂ ತುಂಬಾ ಇಷ್ಟ.

ಡಿಎಂ, ಅಂದರೆ ಆಟ ನಡೆಸುವವರಾಗಿ ನಿಮಗೆ ಸಪ್ಲಿಮೆಂಟ್‌ನಿಂದ ಜಾಸ್ತಿ ಸಿಗುವುದು ಪ್ಲೇಯರ್‌ಗಳು ನೋಡದ ಪುಟಗಳಲ್ಲಿ. ಝನಾಥರ್‌ನ ಕೊನೆಯಲ್ಲಿ ಹೆಸರುಗಳ ಉದ್ದನೆಯ ಪಟ್ಟಿಗಳಿವೆ. ಸ್ಲಾವ್ ಹೆಸರುಗಳ ಪಟ್ಟಿ ಬರೋವಿಯಾಗೆ ಹೇಳಿ ಮಾಡಿಸಿದಂತಿದೆ. ದಾರಿಯಲ್ಲಿ ಸಿಕ್ಕ ರೈತನ ಹೆಸರೇನು ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಹತ್ತಿಪ್ಪತ್ತು ಹೆಸರು ಬರೆದಿಟ್ಟುಕೊಳ್ಳಿ.

ಸಾಹಸಕಥೆಯ ಪುಸ್ತಕದಲ್ಲಿ ಮೊದಲು ತಯಾರಾಗಬೇಕಾದದ್ದು ಭವಿಷ್ಯ ಹೇಳುವ ಮೇಡಮ್ ಈವಾಳ ಟರೋಕಾ ಕಾರ್ಡ್‌ಗಳಿಗೆ. ಮೂರು ನಿಧಿ ಎಲ್ಲಿವೆ, ಜೊತೆಗೆ ಬರುವವರು ಯಾರು, ಸ್ಟ್ರಾಡ್ ಕೊನೆಗೆ ಎಲ್ಲಿ ಎದುರಾಗುತ್ತಾನೆ ಎನ್ನುವುದನ್ನು ಅವಳು ಎಳೆಯುವ ಐದು ಕಾರ್ಡ್‌ಗಳೇ ತೀರ್ಮಾನಿಸುತ್ತವೆ. ಒಮ್ಮೆ ನೀವೊಬ್ಬರೇ ಕೂತು ಎಳೆದು ನೋಡಿ. ಎಲ್ಲ ನಿಧಿಯೂ ಸ್ಟ್ರಾಡ್‌ನ ಕೋಟೆಯೊಳಗೇ ಬಂದರೆ ಮತ್ತೆ ಎಳೆಯಿರಿ. ಆ ಕಣಿವೆಯ ಊರೂರು ತಿರುಗಲು ಪ್ಲೇಯರ್‌ಗಳಿಗೆ ಕಾರಣ ಬೇಕು.

ಇನ್ನೊಂದು ವಿಷಯ. ಆಟದ ಮೂಲ ನಿಯಮಗಳಿರುವ ಪ್ಲೇಯರ್ಸ್ ಹ್ಯಾಂಡ್‌ಬುಕ್‌ನಲ್ಲಿ 2014ರದ್ದು ಮತ್ತು 2024ರದ್ದು ಎರಡನ್ನೂ ಬೆರೆಸಬೇಡಿ. ಗಾಯ ವಾಸಿಮಾಡುವ ಕ್ಯೂರ್ ವೂಂಡ್ಸ್ ಮಂತ್ರಕ್ಕೆ ಹಳೆಯದರಲ್ಲಿ ಎಂಟು ಮುಖದ ಒಂದು ದಾಳ, ಹೊಸದರಲ್ಲಿ ಎರಡು. ಯಾವುದನ್ನು ಬಳಸುತ್ತೀರಿ ಎಂದು ಕ್ಯಾರೆಕ್ಟರ್ ಬರೆಯುವ ಮೊದಲೇ ಎಲ್ಲರಿಗೂ ಹೇಳಿಬಿಡಿ.