ತೀರಿಹೋದ ವಿಮಾನಯಾನ ಪತ್ರಕರ್ತರ ಹಳೆಯ ನೆಗೆಟಿವ್, ಪತ್ರಿಕೆ ತುಣುಕುಗಳು ತೀರ್ಥಹಳ್ಳಿಯ ಮನೆಯಲ್ಲಿವೆ. ಮಳೆಗಾಲದಲ್ಲಿ ಕೆಡದಂತೆ ಉಳಿಸುವುದು ಹೇಗೆ?

ಮೊದಲು ನೆಗೆಟಿವ್ ನೋಡಿ. ವಿನಿಗರ್ ವಾಸನೆ ಬಂದರೆ ಅಸಿಟೇಟ್ (ಒಂದು ಬಗೆಯ ಪ್ಲಾಸ್ಟಿಕ್) ಫಿಲ್ಮ್ ಕೊಳೆಯುತ್ತಿದೆ ಎಂದರ್ಥ. ಆ ಆಮ್ಲದ ಆವಿ ಪಕ್ಕದ ಫಿಲ್ಮನ್ನೂ ಕೆಡಿಸುತ್ತದೆ. ಅಂಥವನ್ನು ಬೇರೆಯಿಟ್ಟು, ಬಿಗಿಯಾಗಿ ಮುಚ್ಚದೆ, ಮೊದಲು ಸ್ಕ್ಯಾನ್ ಮಾಡಿ: 35 ಮಿ.ಮೀ. ಫಿಲ್ಮಿಗೆ 3200 ಡಿಪಿಐ (ಇಂಚಿಗೆ ಇಷ್ಟು ಚುಕ್ಕಿ), ಗುಣಮಟ್ಟ ಕುಗ್ಗದ ಟಿಫ್ ಚಿತ್ರಕಡತ. ಪತ್ರಿಕೆ ತುಣುಕಿಗೆ 400 ಸಾಕು. ಲ್ಯಾಮಿನೇಷನ್ ಮಾತ್ರ ಬೇಡವೇ ಬೇಡ, ಆಮೇಲೆ ಬಿಡಿಸಲಾಗದು. ತುಕ್ಕು ಹಿಡಿಯುವ ಗುಂಡುಪಿನ್ನು ತೆಗೆಯಿರಿ.

ಒಲೆಯ ಮೇಲಿನ ಅಟ್ಟ ಅಡಿಕೆಗೆ ಸರಿ, ಫಿಲ್ಮಿಗಲ್ಲ. ವಾಸನೆಯಿಲ್ಲದವನ್ನು ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ ಡಬ್ಬಿಯಲ್ಲಿಡಿ. ನೀಲಿ ಹರಳು ಗುಲಾಬಿಯಾದರೆ ಹರಳನ್ನು ಮಾತ್ರ ಹೊರತೆಗೆದು ಬಿಸಿಮಾಡಿ ಒಣಗಿಸಿ.

ದಿನಾಂಕವಿಲ್ಲದ ಫೋಟೊದಲ್ಲಿ ವಿಮಾನದ ಮೈಮೇಲಿನ 'ವಿಟಿ' ಎಂದು ಶುರುವಾಗುವ ಭಾರತೀಯ ನೋಂದಣಿ ಗುರುತು ಬರೆದುಕೊಳ್ಳಿ. ಅದು ಯಾವ ಸಂಸ್ಥೆಯಲ್ಲಿ ಯಾವಾಗ ಹಾರುತ್ತಿತ್ತೆಂದು ಹುಡುಕಿದರೆ ಕಾಲದ ಅಂದಾಜು ಸಿಗುತ್ತದೆ.