ಸಬ್‌ಮರೀನ್‌ಗೆ ಕಂಬಳಿ ಹಾಯಿ

ಪ್ರಶ್ನೆ: ಎಣ್ಣೆ ಮುಗಿದ ಸಬ್‌ಮರೀನ್ ಒಂದು ಕಂಬಳಿ ಕಟ್ಟಿಕೊಂಡು ದಡ ಸೇರಿತಂತೆ. ಅಷ್ಟು ಭಾರದ ಕಬ್ಬಿಣ ಗಾಳಿಗೆ ಚಲಿಸುತ್ತದೆಯೇ?
– ಓದುಗರು, ಹೊಸನಗರ

ಉತ್ತರ: ಚಲಿಸುತ್ತದೆ, ನಿಜವಾಗಿ ನಡೆದದ್ದೇ. 1921ರ ಮೇ ತಿಂಗಳು. ಕಾನೆಸ್ಟೋಗಾ ಎಂಬ ಹಡಗು 56 ಜನರೊಂದಿಗೆ ಕಾಣೆಯಾಗಿತ್ತು. ಅದನ್ನು ಹುಡುಕಲು ಹೋದ ಅಮೆರಿಕದ ಆರ್-14 ಸಬ್‌ಮರೀನ್‌ಗೆ ಹವಾಯಿ ದ್ವೀಪದಿಂದ ಸುಮಾರು 185 ಕಿಲೋಮೀಟರ್ ದೂರದಲ್ಲಿ ಎಣ್ಣೆ ಖಾಲಿ. ರೇಡಿಯೋ ಕೂಡ ಕೈಕೊಟ್ಟಿತು.

ಮಲಗುವ ಮಂಚದ ಪೈಪುಗಳನ್ನು ಬಿಚ್ಚಿ, ಒಂದಕ್ಕೊಂದು ಬಿಗಿದು ಅಡ್ಡಕೋಲು ಮಾಡಿದರು. ಎಂಟು ತೂಗುಹಾಸಿಗೆ ಜೋಡಿಸಿ ಅದಕ್ಕೆ ಇಳಿಬಿಟ್ಟರು. ಟಾರ್ಪಿಡೋ ಎತ್ತುವ ಕ್ರೇನಿನ ಕಂಬವೇ ಹಾಯಿಮರ. ವೇಗ ಗಂಟೆಗೆ ಎರಡು ಕಿಲೋಮೀಟರಿಗೂ ಸ್ವಲ್ಪ ಕಮ್ಮಿ. ಆದರೆ ಚುಕ್ಕಾಣಿ ಮಾತು ಕೇಳತೊಡಗಿತು! ಆಮೇಲೆ ರೇಡಿಯೋ ಕಂಬಕ್ಕೆ ಆರು ಕಂಬಳಿ, ಹಿಂದೆ ಮತ್ತೆ ಎಂಟು ಕಂಬಳಿ. ಈ ಎರಡು ಹಾಯಿಗಳಲ್ಲಿ ಒಂದೊಂದಕ್ಕೂ ಅರ್ಧ ನಾಟ್, ಅಂದರೆ ಗಂಟೆಗೆ ಸುಮಾರು ಒಂದು ಕಿಲೋಮೀಟರ್ ವೇಗ ಕೂಡಿತು.

ನಿಮ್ಮ ಅನುಮಾನ ಭಾರದ್ದು, ಅಲ್ವಾ? ತೇಲುವ ವಸ್ತುವಿಗೆ ನೆಲದ ಉಜ್ಜಾಟವಿಲ್ಲ. ಮೆಲ್ಲಗೆ ತಳ್ಳುತ್ತಲೇ ಇದ್ದರೆ ಸಾಕು. ಒಮ್ಮೆ ಶರಾವತಿ ಹಿನ್ನೀರಿನಲ್ಲಿ ನಮ್ಮ ದೋಣಿಯ ಇಂಜಿನ್ ನಿಂತುಹೋಯಿತು. ಭಾವ ಸುಮ್ನೆ ಕೂರಲಿಲ್ಲ. ಅಡಿಕೆ ದೋಟಿ ಎರಡು ನಿಲ್ಲಿಸಿ, ನಡುವೆ ಕರಿಕಂಬಳಿ ಕಟ್ಟಿದರು. ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಚುಕ್ಕಾಣಿ ಹಿಡಿ ನನ್ನ ಅಂಗೈಗೆ ಎದುರು ಒತ್ತಿತು. ನೀರು ಹರಿಯದೆ ಚುಕ್ಕಾಣಿಗೆ ಜೀವವಿಲ್ಲ ಎಂದು ಅವತ್ತೇ ನನಗೆ ತಿಳಿದದ್ದು.

ಸಾಗರ ಪೇಟೆಯಲ್ಲಿ ಮೂವತ್ತು ವರ್ಷ ಮೋಟಾರ್ ರಿವೈಂಡಿಂಗ್ ಮಾಡಿದ ನನಗೆ ಜಾಸ್ತಿ ಇಷ್ಟವಾದದ್ದು ಮುಂದಿನ ಕೆಲಸ. ಡಿಸಿ ಮೋಟಾರಿಗೆ ಕರೆಂಟ್ ಕೊಟ್ಟರೆ ಶಾಫ್ಟ್ ತಿರುಗುತ್ತದೆ. ಶಾಫ್ಟನ್ನು ನಾವೇ ತಿರುಗಿಸಿದರೆ ಅದೇ ಮೋಟಾರ್ ಡೈನಮೋ ಆಗಿ ಕರೆಂಟ್ ಕೊಡುತ್ತದೆ. ಗಾಳಿ ಸಬ್‌ಮರೀನನ್ನು ತಳ್ಳಿತು, ಎದುರು ಹರಿದ ನೀರು ಪ್ರೊಪೆಲರ್ ತಿರುಗಿಸಿತು, ಅದಕ್ಕೆ ಕೂಡಿಸಿದ ಮೋಟಾರಿನಿಂದ ಬ್ಯಾಟರಿ ಚಾರ್ಜ್ ಆಯಿತು. ಹನಿ ಹನಿಯಾಗಿ ಕೂಡಿಟ್ಟ ಕರೆಂಟ್ ಅದು. ಬಂದರಿನ ಬಾಯಲ್ಲಿ ಹಾಯಿ ನಂಬಿಕೊಂಡು ತಿರುಗುವುದು ಕಷ್ಟ, ಅಲ್ಲಿಗೇ ಅದು ಬೇಕಿತ್ತು.

64 ಗಂಟೆ ಹಾಯಿಯಲ್ಲಿ ಬಂದು, ಮೇ 15ರಂದು ಬ್ಯಾಟರಿ ಬಲದಲ್ಲೇ ಹವಾಯಿಯ ಹಿಲೋ ಬಂದರು ಹೊಕ್ಕರು. ಅವರು ಹುಡುಕಿದ ಕಾನೆಸ್ಟೋಗಾ ಆ ಕಡೆ ಇರಲೇ ಇಲ್ಲ. ಅದು ಸ್ಯಾನ್ ಫ್ರಾನ್ಸಿಸ್ಕೋ ಹೊರಗಿನ ಕಡಲ ತಳದಲ್ಲಿತ್ತು. ಆ ಹಡಗು ಅದೇ ಎಂದು ಪ್ರಕಟಿಸಿದ್ದು 2016ರಲ್ಲಿ.