ಬಟ್ಟೆ ನೆನೆಸಿದ ಸಾಬೂನು ನೀರಿನ ಬಕೆಟ್‌ಗೆ ಮೊಬೈಲ್ ಬಿತ್ತು, ಅಕ್ಕಿಯಲ್ಲಿ ಇಟ್ಟಿದ್ದೇನೆ, ಎಷ್ಟು ದಿನ ಇಡಬೇಕು?

ದಿನದ ಲೆಕ್ಕ ಬಿಡಿ, ಮೊದಲು ಅದನ್ನು ಅಕ್ಕಿಯಿಂದ ಹೊರಗೆ ತೆಗೆಯಿರಿ. ಆಫ್ ಮಾಡಿಲ್ಲದಿದ್ದರೆ ಈಗಲೇ ಮಾಡಿ.

ಮಲ್ಪೆಯಲ್ಲಿ ಅಲೆ ಸೊಂಟದವರೆಗೆ ಬಂದಾಗ ನನ್ನ ಮೊಬೈಲ್ ಜೇಬಿನಲ್ಲೇ ಇತ್ತು. ಒರೆಸಿ ನೋಡಿದರೆ ಪರದೆ ಬೆಳಗುತ್ತಿತ್ತು, ಕರೆಯೂ ಹೋಯಿತು. ಬಚಾವಾಯಿತು ಎಂದು ಸಮಾಧಾನಪಟ್ಟು, ಮನೆಗೆ ಬಂದು ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಆಫ್ ಮಾಡಲಿಲ್ಲ. ಮರುದಿನ ತೆಗೆದಾಗ ಜೀವವಿರಲಿಲ್ಲ. ತಂಗಿಯ ಮದುವೆಯ ಫೋಟೋಗಳೂ ಅದರೊಂದಿಗೇ ಹೋದವು.

ರಿಪೇರಿ ಅಂಗಡಿಯವರು ಬೋರ್ಡನ್ನು ಸೂಕ್ಷ್ಮದರ್ಶಕದಡಿ ಇಟ್ಟು ತೋರಿಸಿದರು. ಚಾರ್ಜಿಂಗ್ ಕನೆಕ್ಟರ್ ಸುತ್ತ ಹಸಿರು ಮಿಶ್ರಿತ ಬಿಳಿ ಪುಡಿ ಕಟ್ಟಿತ್ತು, ಒಂದು ಪಿನ್ ಸವೆದು ಮಾಯವಾಗಿತ್ತು. ನೀರಷ್ಟೇ ಒಳಗೆ ಹೋದರೆ ಇಷ್ಟು ಬೇಗ ಹೀಗಾಗುವುದಿಲ್ಲ. ಉಪ್ಪು, ಖನಿಜ ಬೆರೆತ ನೀರಿನಲ್ಲಿ ಬ್ಯಾಟರಿಯ ವಿದ್ಯುತ್ ಹರಿದಾಗ ತಾಮ್ರ ಕರಗತೊಡಗುತ್ತದೆ. ಅಂದರೆ ಡಬ್ಬದಲ್ಲಿ ಮೊಬೈಲ್ ಒಣಗುತ್ತಿದೆ ಎಂದು ನಾನು ನಂಬಿದ್ದ ಅಷ್ಟೂ ಹೊತ್ತು ಅದು ಒಳಗೊಳಗೇ ಸವೆಯುತ್ತಿತ್ತು. ಆಫ್ ಮಾಡಿದ್ದರೆ ಬಹುತೇಕ ಭಾಗಗಳಿಗೆ ವಿದ್ಯುತ್ ನಿಲ್ಲುತ್ತಿತ್ತು. ಪೂರ್ತಿ ನಿಲ್ಲಬೇಕಾದರೆ ಬ್ಯಾಟರಿಯನ್ನೇ ಕಳಚಬೇಕು. ಈಗಿನ ಮೊಬೈಲ್‌ಗಳಲ್ಲಿ ಅದು ಮನೆಯಲ್ಲಿ ಆಗುವ ಕೆಲಸವಲ್ಲ.

ಅಕ್ಕಿಯಿಂದ ಪ್ರಯೋಜನವಿಲ್ಲ. ಬೋರ್ಡಿನ ಸಂದಿಯಲ್ಲಿ ಕುಳಿತ ನೀರನ್ನು ಅದು ಎಳೆದುಕೊಳ್ಳಲಾರದು, ಗಾಳಿಯಾಡದಂತೆ ಮಾಡುತ್ತದೆ, ಮೇಲಾಗಿ ತೌಡಿನ ಪುಡಿ ಕಿಂಡಿಗಳಲ್ಲಿ ಸೇರಿಕೊಳ್ಳುತ್ತದೆ. 2024ರ ಆರಂಭದಲ್ಲಿ ಆಪಲ್ ಕೂಡ ಒದ್ದೆಯಾದ ಐಫೋನನ್ನು ಅಕ್ಕಿಯಲ್ಲಿ ಇಡಬೇಡಿ ಎಂದೇ ಹೇಳಿತು. ಹೇರ್ ಡ್ರೈಯರ್ ಇನ್ನೂ ಕೆಟ್ಟದ್ದು, ಬಿಸಿಗೆ ಒಳಗಿನ ಅಂಟು ಸಡಿಲವಾಗುತ್ತದೆ. ಸಿಮ್ ಟ್ರೇ ತೆಗೆದು, ಚಾರ್ಜಿಂಗ್ ಕಿಂಡಿಯನ್ನು ಕೆಳಮುಖ ಮಾಡಿ ಅಂಗೈಗೆ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ. ಚಾರ್ಜರ್ ಹತ್ತಿರ ತರಬೇಡಿ.

ಆದರೆ ನಿಮ್ಮದು ಬಟ್ಟೆ ನೆನೆಸಿದ ಸಾಬೂನು ನೀರು ಎಂದಿದ್ದೀರಿ. ನೀರು ಆರಿದರೂ ಸಾಬೂನು ಬೋರ್ಡಿನ ಮೇಲೆ ಉಳಿಯುತ್ತದೆ. ನಿಮ್ಮ ಮೊಬೈಲ್ ಐಪಿ68 (ನೀರು, ಧೂಳು ಒಳಹೋಗದಂತೆ ತಡೆಯುವ ದರ್ಜೆ) ಎಂಬ ಧೈರ್ಯವೂ ಬೇಡ, ಆ ಪರೀಕ್ಷೆ ನಡೆಯುವುದು ಶುದ್ಧ ಸಿಹಿನೀರಿನಲ್ಲಿ. ಆದ್ದರಿಂದ ಒಣಗಲಿ ಎಂದು ಕಾಯದೆ ಇವತ್ತೇ ರಿಪೇರಿಗೆ ಕೊಂಡೊಯ್ಯಿರಿ. ಬ್ಯಾಟರಿ ಕಳಚಿ, ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ತೊಳೆಯುತ್ತೀರಾ ಎಂದು ಮೊದಲೇ ಕೇಳಿ. ಬಿಸಿಗಾಳಿ ಹೊಡೆದರೆ ಸಾಕು ಎಂದರೆ ಬೇರೆ ಅಂಗಡಿಗೆ ಹೋಗಿ.